ಖಣ ಸುತ್ತಿದ ಚಿತ್ರ

ನಮ್ಮವ್ವ ಗೂಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಜೀವ ಇದ್ದ ಗೂಗೆಯಲ್ಲ, ಹಾಳೆಯ ಮೇಲಿನದು. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಎದುರಿಗೆ ಪುಸ್ತಕ ತೆರೆದುಕೊಂಡು ಕೂತಿತ್ತು. ಅದು ತನ್ನಂಥ ಮಾಸ್ತರರನ್ನು ಅಣಕಿಸಿದ್ದು, ಕನ್ನಡಕ ಹಾಕಿಕೊಂಡರೂ ಮುಂದೆ ಕೂತ ಮಕ್ಕಳು ಕಾಣಿಸದವರನ್ನು ನಕ್ಕಿದ್ದು ಎಂದು ಅಪ್ಪ ಎಷ್ಟು ಬಿಡಿಸಿ ಹೇಳಿದರೂ ಅವ್ವ ಜಗ್ಗಲಿಲ್ಲ. ಗೂಗೆ ಹೊಕ್ಕ ಮನೆಯಲ್ಲಿ ತಾನು ಇರುವುದಿಲ್ಲ, ಬೇಕಾದರೆ ಗೂಗೆಯ ಕೈಲೇ ರೊಟ್ಟಿ ಬಡಿಸಿಕೊಳ್ಳಲಿ ಅಂದಳು. ಹೀಗಾಗಿ ಆ ಒಂದು ಹಾಳೆ ತಿಕೋಟಾದ ಸಾಲೆಯ ಕಪಾಟಿನಲ್ಲಿ ಉಳಿಯಿತು. ಉಳಿದ ಹತ್ತೊಂಬತ್ತು ನಮ್ಮ ಮನೆಗೆ ಬಂದವು.

ಅಪ್ಪ ತಿಕೋಟಾದಲ್ಲಿ ಕನ್ನಡ ಸಾಲೆಯ ಮಾಸ್ತರರು. ಚಿತ್ರಕಲೆಯ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ವಿಜಾಪುರದಲ್ಲಿ ಯಾವನೋ ಎಂಜಿನಿಯರ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಲಿಲಾವಿಗೆ ಬಂತು. ಒಂದು ಒಳ್ಳೆಯ ಕುರ್ಚಿ ತರುತ್ತೇನೆಂದು ಹೋದವರು ಕಂಕುಳಲ್ಲಿ ಚಿತ್ರಗಳ ಕಟ್ಟು ಇರಿಸಿಕೊಂಡು ಬಂದರು. ಮುನ್ನೂರು ವರ್ಷದ ಹಿಂದೆ ಡಚ್ಚರ ನಾಡಿನಲ್ಲಿ ಬರೆದ ಚಿತ್ರಗಳ ಅಚ್ಚು ಅವು. ಡಚ್ಚರನ್ನು ಅಪ್ಪ ಹಳೆಯ ದಫ್ತರಗಳ ಮಾತಿನಲ್ಲಿ ವಲಂದೇಜರು ಎನ್ನುತ್ತಿದ್ದರು. ಅವ್ವ ಮಾತ್ರ ಕೂಡುವ ಕುರ್ಚಿ ಬಿಟ್ಟು ನೋಡುವ ಕುರ್ಚಿ ತಂದಿರಿ ಎಂದು ಬಹಳ ದಿನ ಆಡಿಕೊಂಡಳು, ಯಾಕೆಂದರೆ ಆ ಚಿತ್ರಗಳಲ್ಲಿ ಕುರ್ಚಿಗಳಿಗೇನೂ ಕಡಿಮೆ ಇರಲಿಲ್ಲ.

ಅವುಗಳಲ್ಲಿ ರಾಜರಿಲ್ಲ, ದೇವರಿಲ್ಲ. ಅಡುಗೆಮನೆ, ಪಡಸಾಲೆ, ಸಾರಾಯಿ ಅಂಗಡಿ, ಹಲ್ಲು ಕೀಳುವವನ ಸುತ್ತ ಬಾಯಿ ತೆರೆದು ನಿಂತ ಜನ. ಒಂದರಲ್ಲಿ ಯಜಮಾನಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ, ನಾಯಿ ಮೇಜು ಹತ್ತಿ ಊಟ ಹೊಡೆಯುತ್ತಿದೆ, ಮಂಗ್ಯಾ ಗೋಡೆಯ ಗಡಿಯಾರವನ್ನು ಜಗ್ಗುತ್ತಿದೆ, ಹಂದಿಯ ಬಾಯಲ್ಲಿ ಗುಲಾಬಿ ಹೂವು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗು ಮುಗಿಯುವವರೆಗೆ ಅಪ್ಪ ಸುಮ್ಮನಿದ್ದು, ಆಮೇಲೆ ಒಂದೊಂದೇ ಸಾಮಾನಿನ ಮೇಲೆ ಬೆರಳಿಟ್ಟು ಇದು ಯಾಕೆ ಇಲ್ಲಿದೆ ಎಂದು ಕೇಳುತ್ತಿದ್ದರು. ಮಂಗ್ಯಾ ಗಡಿಯಾರ ಯಾಕೆ ಜಗ್ಗುತ್ತದೆ? ಈ ಮನೆಯವರಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ಅದಕ್ಕೆ. ಹೂವು ಹಂದಿಯ ಬಾಯಿಗೆ ಯಾಕೆ ಬಂತು? ಚೆಂದದ ಬೆಲೆ ತಿಳಿಯದವರ ಮನೆ, ಅದಕ್ಕೆ. ಅಲ್ಲಿ ಸುಮ್ಮನೆ ಬಿದ್ದ ಸಾಮಾನು ಒಂದೂ ಇರಲಿಲ್ಲ. ಮಗಳು ಸೂಜಿ ದಾರ ಕಲಿಯಲಿ ಎಂದು ಅವ್ವ ಹೇಳಿದ ಹೊತ್ತಿನಲ್ಲೆಲ್ಲ ನಾನು ಟಾಕು, ಶಾಯಿ ಹಿಡಿದು ಅಪ್ಪನ ಪಕ್ಕ ಕೂತು, ನಮ್ಮ ಓಣಿಯ ಮಂದಿಯನ್ನು ವಲಂದೇಜರ ಹಾಗೆ ಬರೆಯುವುದನ್ನು ಕಲಿತೆ. ನನ್ನ ಕೈಗೆ ಅವತ್ತು ಹತ್ತಿದ ಕೆಟ್ಟ ಚಟ ಅದು, ಇವತ್ತಿಗೂ ಬಿಟ್ಟಿಲ್ಲ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ನನ್ನನ್ನು ವಿಜಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಅರಿವೆ ಅಂಗಡಿಯ ಮನೆತನ. ಮುಂದೆ ಅಂಗಡಿ, ಹಿಂದೆ ಮನೆ. ಮಾವ ಇಡೀ ದಿನ ಅಂಗಡಿಯ ಗಾದಿಯ ಮೇಲೆ, ನನ್ನ ಯಜಮಾನರು ಅವರ ಪಕ್ಕದಲ್ಲಿ, ಮನೆಯೊಳಗೆ ಅತ್ತೆ, ನಾದಿನಿ, ನಾನು. ಅತ್ತೆ ಗಟ್ಟಿ ಹೆಂಗಸು. ಅವರು ನಕ್ಕಿದ್ದನ್ನು ನೋಡಿದವರು ಯಾರಾದರೂ ಇದ್ದಾರೇನು ಎಂದು ನಾನು ಮೊದಲ ವರ್ಷ ಯಜಮಾನರನ್ನು ಕೇಳಿದ್ದೆ. ಅವರು ಬಹಳ ಹೊತ್ತು ವಿಚಾರ ಮಾಡಿ, ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದರು.

ನಾದಿನಿಗೆ ಹದಿನೇಳು ವರ್ಷ. ಕೆಲಸದಲ್ಲಿ ಚುರುಕು, ನೋಡಲು ಲಕ್ಷಣ. ಆದರೆ ಉಗ್ಗುತ್ತಿದ್ದಳು. ಒಂದು ಮಾತು ಶುರುವಾಗಿ ಬಾಯಿಂದ ಹೊರಗೆ ಬರುವಷ್ಟರಲ್ಲಿ ಕೇಳುವವರು ಇನ್ನೊಂದು ಮಾತಿಗೆ ಹೋಗಿಬಿಡುತ್ತಿದ್ದರು. ನನ್ನ ಹತ್ತಿರ ಒಲೆಯ ಮುಂದೆ ಕೂತಾಗ ಅರ್ಧ ಕಡಿಮೆಯಾಗುತ್ತಿತ್ತು. ಹೊರಗಿನವರ ಮುಂದೆ ದುಪ್ಪಟ್ಟು. ಅವಳನ್ನು ನೋಡಲು ಬಂದ ಎರಡು ಸಂಬಂಧ ಅದೇ ಕಾರಣಕ್ಕೆ ತಿರುಗಿ ಹೋಗಿದ್ದವು. ಆದ್ದರಿಂದ ಮೂರನೆಯದು ಬಬಲೇಶ್ವರದಿಂದ ಬಂದಾಗ ಅತ್ತೆ ಒಂದು ನಿರ್ಧಾರ ಮಾಡಿಕೊಂಡಿದ್ದರು. ಹುಡುಗಿ ಬಾಯಿ ತೆರೆಯುವ ಪ್ರಸಂಗವೇ ಬರಬಾರದು.

ಬಂದವರು ನಾಲ್ಕು ಮಂದಿ: ವರ, ವರನ ತಂದೆ, ವರನ ಸೋದರತ್ತೆ, ಮತ್ತು ಊರ ಹಿರಿಯರೊಬ್ಬರು. ವರನ ತಾಯಿ ಬರಲಿಲ್ಲ, ಮನೆಯಲ್ಲಿ ಎಮ್ಮೆ ಈಯುವ ದಿನ ಅಂತ. ಹೆಸರೇನು ಎಂದು ಕೇಳಿದರೆ ಅತ್ತೆ ಹೇಳಿದರು. ಎಷ್ಟು ಕಲಿತಿದ್ದಾಳೆ ಎಂದರೆ ಅತ್ತೆ ಹೇಳಿದರು. ಶಿರಾ ಯಾರು ಮಾಡಿದ್ದು ಎಂದಾಗ ನಾದಿನಿ ತುಟಿ ಅಲುಗಿಸುವುದರೊಳಗೆ, ಅದನ್ನು ಯಾವ ಹೊತ್ತಿಗೆ ಎದ್ದು ಮಾಡಿದಳು ಎಂಬುದನ್ನೂ ಕೂಡಿಸಿ ಹೇಳಿ ಮುಗಿಸಿದರು. ಹುಡುಗಿ ಬಹಳ ಮರ್ಯಾದಸ್ಥಳು ಎಂದು ಹಿರಿಯರು ತಲೆ ತೂಗಿದರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದೆ.

ಸೋದರತ್ತೆ ನಾದಿನಿಯ ಜಡೆ ಅಸಲಿಯೋ ಕಟ್ಟಿದ್ದೋ ಎಂದು ಹಿಡಿದು ಜಗ್ಗಿದರು. ಒಂದು ಸಲ ಜಗ್ಗಿ ಸಮಾಧಾನವಾಗದೆ ಇನ್ನೊಂದು ಸಲ ಜಗ್ಗಲು ಹೋದಾಗ, ಅಲ್ಲಿಯವರೆಗೆ ನೆಲ ನೋಡುತ್ತಿದ್ದ ವರ ತಲೆ ಎತ್ತಿ, ಅತ್ತಿ ಸಾಕು, ಅಂದ. ಅಷ್ಟೇ. ಅವರು ಹೋದ ಮೇಲೆ ನಾದಿನಿ ಒಲೆಯ ಮುಂದೆ ಕೂತು, ಆ ಎರಡು ಮಾತನ್ನು ನನಗೆ ಹೇಳಿದಳು, ನಾನು ಕೇಳಿರಲೇ ಇಲ್ಲ ಎಂಬಂತೆ. ಹೇಳುವಾಗ ಒಂದು ಸಲವೂ ಉಗ್ಗಲಿಲ್ಲ. ಅವಳ ಮನಸ್ಸು ಅಲ್ಲಿ ಕೂತುಬಿಟ್ಟಿತ್ತು. ಈ ಸಂಬಂಧ ತಪ್ಪಿದರೆ ಇವಳು ಮತ್ತೆ ಯಾರ ಮುಂದೆಯೂ ಬಂದು ಕೂಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸ ನೋಡಿ. ಮರುದಿನ ಮಧ್ಯಾಹ್ನ, ಎಲ್ಲರೂ ಅಡ್ಡಾದ ಹೊತ್ತಿನಲ್ಲಿ, ಅಂಗಡಿಯ ಖಾಕಿ ಹಾಳೆಯೊಂದನ್ನು ಎಳೆದುಕೊಂಡು ಇಡೀ ಪ್ರಸಂಗವನ್ನು ಬರೆದೆ. ವರನ ತಂದೆಯ ಮುಂದೆ ಶಿರಾದ ಖಾಲಿ ತಾಟು ಒಂದರ ಮೇಲೊಂದು ಮೂರು. ಹಿರಿಯರಿಗೆ ನಿದ್ದೆ, ಎಲೆ ಅಡಿಕೆಯ ರಸ ಗಡ್ಡದ ಮೇಲೆ. ಬೆಕ್ಕು ಹಾಲಿನ ಪಾತ್ರೆಯೊಳಗೆ ಕುತ್ತಿಗೆಯವರೆಗೆ. ಬಾಗಿಲಲ್ಲಿ ಮೆಟ್ಟು ಬೋರಲು ಬಿದ್ದಿವೆ. ಸೋದರತ್ತೆಯ ಕೈಯಲ್ಲಿ ನಮ್ಮ ಅಂಗಡಿಯ ಗಜ, ಅದರಿಂದ ಹುಡುಗಿಯ ಜಡೆ ಅಳೆಯುತ್ತಿದ್ದಾರೆ. ಅವರದೇ ಕಾಲ ಬೆರಳಿಗೆ ಒಂದು ಹಗ್ಗ, ಹಗ್ಗದ ತುದಿಗೆ ತೊಟ್ಟಿಲು, ತೊಟ್ಟಿಲು ಖಾಲಿ. ವಲಂದೇಜರ ಒಂದು ಚಿತ್ರದಲ್ಲಿ ಖಾಲಿ ತೊಟ್ಟಿಲು ಇತ್ತು. ಇವರು ನೋಡಲು ಬಂದದ್ದು ಹುಡುಗಿಯನ್ನಲ್ಲ, ನಾಳೆಯ ತೊಟ್ಟಿಲನ್ನು, ಎಂದು ಹೇಳುವುದು ನನ್ನ ಜಾಣತನ. ವರನನ್ನು ಮಾತ್ರ ಕೈ ಎತ್ತಿ ತಡೆಯುವ ಹಾಗೆ ಬರೆದೆ, ಅವನಿಗೆ ಅಷ್ಟು ರಿಯಾಯಿತಿ. ನಾದಿನಿಗೆ ತೋರಿಸಿದಾಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಅಡಗಿಸಿಡಲು ನನಗೆ ಹೊಳೆದ ಜಾಗ ಅಂಗಡಿಯ ಗಾದಿಯ ಕೆಳಗಿನ ಹಾಳೆಗಳ ರಾಶಿ. ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ. ಅರಿವೆಯ ದಿಂಡಿಗೆ ಸುತ್ತಿ ಬಂದ ಪ್ರತಿಯೊಂದು ಖಾಕಿ ಹಾಳೆಯನ್ನೂ ಮಾವ ಅಂಗೈಯಿಂದ ನೀವಿ, ಗಾದಿಯ ಕೆಳಗೆ ಹಾಕಿ, ಅದರ ಮೇಲೆ ತಾವು ಕೂತು ಇಸ್ತ್ರಿ ಮಾಡುತ್ತಿದ್ದರು. ರಾಶಿಯ ಎಲ್ಲಕ್ಕಿಂತ ತಳದಲ್ಲಿ ಇಟ್ಟರೆ ಯಾರ ಕೈಗೂ ಸಿಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ನಾಲ್ಕು ದಿನಕ್ಕೆ ಅತ್ತೆ ಮಾವನಿಗೆ ಹೇಳಿದರು, ವರನ ತಾಯಿ ಬಂದಿರಲಿಲ್ಲ, ಅವರ ಉಡಿ ತುಂಬಿದಂತಾಗಲಿಲ್ಲ, ಬಬಲೇಶ್ವರದ ಸಂತೆಗೆ ಹೋಗುವವರ ಕೈಯಲ್ಲಿ ಖಣ, ಕಾಯಿ ಕಳಿಸೋಣ ಅಂತ. ಹೊಸ ಬೀಗತಿಯ ಉಡಿಗೆ ಹೋಗುವ ಕುಪ್ಪಸದ ಖಣ. ಮಾವ ಒಳ್ಳೆಯ ಗುಳೇದಗುಡ್ಡದ ಖಣ ಆರಿಸಿದರು. ಅದಕ್ಕೆ ಸುತ್ತಲು ಒಳ್ಳೆಯ ಹಾಳೆಯೇ ಬೇಕಲ್ಲ. ಬಹಳ ದಿನ ಕೂತು ಕೂತು ನುಣುಪಾದ ಹಾಳೆ ರಾಶಿಯ ತಳದಲ್ಲಿ ಇರುತ್ತದೆ. ಅವರು ತಳದಿಂದಲೇ ತೆಗೆದರು. ಕನ್ನಡಕ ಮೂಗಿನ ಮೇಲಿತ್ತು, ಆದರೆ ಮುಖ ಹೊರಗಿನ ಗಿರಾಕಿಯ ಕಡೆಗಿತ್ತು.

ಗೊತ್ತಾದದ್ದು ಎರಡು ದಿನದ ಮೇಲೆ, ಹಾಳೆ ಹುಡುಕಲು ಹೋದಾಗ. ರಾಶಿಯಲ್ಲಿ ಅದು ಇರಲಿಲ್ಲ, ಖಣಕ್ಕೆ ಸುತ್ತಿ ಹೋಗಿತ್ತು. ನಾದಿನಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಶಿರಾದ ತಾಟು ನೆನಪಾಗಿ. ಆಮೇಲೆ ಏನಾಯಿತು ಎಂಬುದು ಅರ್ಥವಾಗಿ ಹಿಟ್ಟಿನ ಡಬ್ಬಿಯ ಹಿಂದೆ ಕೂತು ಅತ್ತಳು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅತ್ತೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಮುಂದಿನ ವಾರ ಬಬಲೇಶ್ವರದ ಇದ್ದಲಿ ಬಸ್ಸು ಬಂದ ಸ್ವಲ್ಪ ಹೊತ್ತಿಗೆ ವರನ ತಾಯಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಆಗ ಪೆಟ್ರೋಲಿಲ್ಲದೆ ಬಸ್ಸುಗಳ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿರುತ್ತಿದ್ದರು, ಹಿಂದಿನ ಸೀಟಿನಲ್ಲಿ ಕೂತವರು ಮಸಿಯಾಗಿಯೇ ಇಳಿಯುತ್ತಿದ್ದರು. ಇವರ ಬಿಳಿ ಕೂದಲಿನ ಮೇಲೂ ಮಸಿ ಇತ್ತು. ಜೊತೆಗೆ ಬಂದ ವರನ ತಂದೆ ಒಳಗೆ ಬರಲಾರದೆ ಅಂಗಡಿಯಲ್ಲೇ ಮಾವನ ಪಕ್ಕ ಕೂತುಬಿಟ್ಟರು. ಬೀಗತಿ ಕಾಲು ತೊಳೆದುಕೊಂಡು, ಚಾಪೆಯ ಮೇಲೆ ಕೂತು, ಚೀಲದಿಂದ ಆ ಹಾಳೆ ತೆಗೆದು ನೆಲದ ಮೇಲೆ ಹರವಿದರು. ಪಕ್ಕದಲ್ಲಿ ಮಡಿಕೆ ಬಿಚ್ಚದ ಖಣವನ್ನು ಇಟ್ಟರು. ಅದು ತಿರುಗಿ ಬಂದಿದೆ ಎಂದರೆ ಏನರ್ಥ ಎಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಆ ಚಿತ್ರವನ್ನು ಮೊದಲ ಸಲ ನೋಡಿದ್ದು ಆಗಲೇ. ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇದು ಯಾರ ಕೈ ಎಂದು ಬೀಗತಿ ಕೇಳಿದಾಗ ನಾನೇ ಅಂದೆ.

ಬೀಗತಿ ಶಿರಾದ ತಾಟಿನ ಮೇಲೆ ಬೆರಳಿಟ್ಟರು. “ನಾ ಅವತ್ತ ಬಂದಿರಲಿಲ್ಲ. ನಮ್ಮ ಮನಿಯವರು ಬಂದು, ಒಂದ ಚಮಚಾ ಬಾಯಾಗ ಹಾಕ್ಕೊಂಡು ಬಂದ್ನಿ ಅಂತ ಹೇಳ್ಯಾರ. ಇಲ್ಲಿ ಮೂರ ತಾಟ ಅದಾವ. ಖರೇನ ಹೇಳು, ಮೂರು ಹೌದೇನು?”

ಸುಳ್ಳು ಹೇಳಿ ಉಳಿಯುವ ಕಾಲ ಮುಗಿದಿತ್ತು. “ನಾಕ್ರೀ,” ಅಂದೆ. “ನಾಕನೇದು ತಗಿಯಾಕ ಹಾಳ್ಯಾಗ ಮ್ಯಾಲ ಜಾಗಾ ಸಾಲಲಿಲ್ಲ.”

ಬೀಗತಿಯ ಹೊಟ್ಟೆ ಕುಲುಕಿತು. ಮೊದಲು ದನಿಯಿಲ್ಲದೆ, ಆಮೇಲೆ ದನಿಯಿಟ್ಟು ನಕ್ಕರು. ಅಂಗಡಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಜಡೆ ಅಳೆಯುವ ಸೋದರತ್ತೆಯನ್ನು ನೋಡಿ ಇನ್ನಷ್ಟು ನಕ್ಕರು. ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗ ಅದೇ ಹೆಂಗಸು ಇವರ ಜಡೆಯನ್ನೂ ಹಾಗೇ ಜಗ್ಗಿದ್ದರಂತೆ. ತಾನು ಬರದೆ ತಪ್ಪಿಸಿಕೊಂಡ ಕಾರ್ಯವನ್ನು ಹಾಳೆಯ ಮೇಲೆಯೇ ಕಣ್ಣಾರೆ ನೋಡಿದಂತಾಯಿತು, ಮಗ ಅಡ್ಡ ಬಂದು ತಡೆದದ್ದನ್ನು ಮನೆಯಲ್ಲಿ ಯಾರೂ ತನಗೆ ಹೇಳಿರಲಿಲ್ಲ ಅಂದರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರ ಬೆರಳು ತೊಟ್ಟಿಲಿಗೆ ಬಂದು ನಿಂತಿತು, ನಗು ಇಳಿಯಿತು.

“ಉಳದದ್ದೆಲ್ಲಾ ಇರಲಿ. ಬರೇ ತೊಟ್ಲಾ ತೂಗಿಸಿ, ಅದನ್ನ ನನ್ನ ಉಡಿಗೆ ಕಳಿಸಿದಿ. ಇದಕ್ಕೇನಂತಿ?”

ಆಗ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಖಾಲಿ ತೊಟ್ಟಿಲು ತೂಗಿದರೆ ಮನೆಯ ಕೂಸಿಗೆ ಕೆಡಕು. ಬೋರಲು ಬಿದ್ದ ಮೆಟ್ಟು ಮನೆಗೆ ಜಗಳ. ತಿಕೋಟಾದಲ್ಲಿ ಹುಟ್ಟಿದ ನಾನು ಇದನ್ನು ತಿಳಿಯದವಳೇ? ಚಿಕ್ಕವಳಿದ್ದಾಗ ತೊಟ್ಟಿಲ ಹಗ್ಗ ಮುಟ್ಟಿದ್ದಕ್ಕೆ ಅವ್ವ ಕೈ ಮೇಲೆ ಹೊಡೆದದ್ದು ನೆನಪಿದೆ. ಆದರೆ ಟಾಕು ಹಿಡಿದ ಕೂಡಲೇ ನಾನು ಅರ್ಧ ವಲಂದೇಜಳಾಗಿಬಿಡುತ್ತಿದ್ದೆ. ಅವರ ಸಾಮಾನಿಗೆ ಅವರ ಅರ್ಥ ಕಲಿತು, ನಮ್ಮ ಸಾಮಾನಿಗೆ ನಮ್ಮ ಅರ್ಥ ಇದೆ ಎಂಬುದನ್ನೇ ಮರೆತಿದ್ದೆ. ಗೂಗೆಯ ವಿಷಯದಲ್ಲಿ ಅವ್ವನನ್ನು ನಕ್ಕಿದ್ದೆನಲ್ಲ, ಅವ್ವನೇ ನನಗಿಂತ ಚೆನ್ನಾಗಿ ಚಿತ್ರ ಓದುತ್ತಿದ್ದಳು. ನಾನು ಮನಸ್ಸಿನಲ್ಲಿ ಇದ್ದುದನ್ನು ಇದ್ದ ಹಾಗೇ ಹೇಳಿ, ತಪ್ಪಾಯಿತು ಎಂದು ಬೀಗತಿಯ ಕಾಲು ಮುಟ್ಟಿದೆ.

ಅವರು ಕೆಲಸಗಾರ ಹೆಂಗಸು. ಅಳುವುದಕ್ಕೆ ಹೊತ್ತು ಕೊಡಲಿಲ್ಲ. ಶಾಯಿಯ ದೌತಿ ತಾ, ತೊಟ್ಟಿಲಲ್ಲಿ ಕೂಸು ಹಾಕು ಅಂದರು. ನಾನು ಅಲ್ಲೇ ನೆಲಕ್ಕೆ ಬಾಗಿ ಕೂಸು ಬರೆದೆ. ತಲೆ ಬರಿದಾಗಿದೆ, ಕುಲಾಯಿ ಹಾಕು ಅಂದರು. ಕುಲಾಯಿ ಹಾಕಿದೆ. ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ದೃಷ್ಟಿಬೊಟ್ಟು ಹೇಳಿದರು, ಅದೂ ಆಯಿತು. ಶಾಯಿಯಲ್ಲಿ ಬರೆದ ಮೆಟ್ಟನ್ನು ಅಳಿಸಲು ಬರುವಂತಿರಲಿಲ್ಲ, ಅದಕ್ಕೆ ಕಿವಿ ಬಾಲ ಹಚ್ಚಿ ಎರಡು ಬೆಕ್ಕಿನ ಮರಿ ಮಾಡಿದೆ. ಬೀಗತಿ ಬಹಳ ಖುಷಿಪಟ್ಟರು. ಖಣದ ಮೇಲೆ ಕೈ ಹೋಯಿತು. ಆದರೆ ಎತ್ತಿಕೊಳ್ಳಲಿಲ್ಲ.

“ನಕ್ಕದ್ದೆಲ್ಲಾ ನಮ್ಮ ಮಂದೀನ್ನ,” ಅಂದರು. “ನಿಮ್ಮತ್ತಿ ಎಲ್ಲಿ? ಅವತ್ತ ಮನ್ಯಾಗ ಇರಲಿಲ್ಲೇನು?”

ಇದ್ದರು, ಎಲ್ಲರಿಗಿಂತ ಜಾಸ್ತಿ ಇದ್ದರು. ಬರೆದಿರಲಿಲ್ಲ, ಅಷ್ಟೆ. ಹೆದರಿಕೆ. ನಾಳೆ ಬೆಳಿಗ್ಗೆ ಮುಖ ನೋಡಬೇಕಾದವರನ್ನು ಬಿಟ್ಟು, ದೂರದವರನ್ನು ಮಾತ್ರ ನಕ್ಕಿದ್ದೆ. ಅದು ಹೇಡಿಗಳ ನಗು ಎಂಬುದು ಬಬಲೇಶ್ವರದ ಈ ಹೆಂಗಸಿಗೆ ಒಂದೇ ನೋಟಕ್ಕೆ ತಿಳಿದುಬಿಟ್ಟಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು “ನನ್ನ ಚಿತ್ರಾನೂ ತಗೀ” ಅಂದರು.

ಹಾಳೆಯಲ್ಲಿ ನಾದಿನಿಯ ಪಕ್ಕ ಒಂದಿಷ್ಟು ಜಾಗವಿತ್ತು. ಅತ್ತೆಯನ್ನು ಅಲ್ಲಿ ಕೂರಿಸಿದೆ. ಎಲ್ಲರಿಗೂ ಎಲ್ಲದಕ್ಕೂ ಉತ್ತರ ಕೊಡುವ ಬಾಯಿಯನ್ನು ದೊಡ್ಡದು ಮಾಡಿದೆ. ಒಂದು ಕೈಯನ್ನು ಬಂದವರ ಕಡೆಗೆ ತಿರುಗಿಸಿದೆ. ಇನ್ನೊಂದು ಕೈಯನ್ನು ಮಗಳ ಬಾಯಿಗೆ ಅಡ್ಡವಾಗಿ ತಂದೆ. ಅಣಕಿಸಬೇಕೆಂದೇ ಶುರು ಮಾಡಿದ ಕೈ ಅದು. ಬೆರಳುಗಳನ್ನು ಬರೆಯುವಾಗ ನನಗೆ ಹೊಳೆಯಿತು. ಆ ಕೈ ಬಾಯಿ ಮುಚ್ಚುತ್ತಿರಲಿಲ್ಲ, ಎರಡು ಸಲ ಏಟು ತಿಂದ ಮಗಳಿಗೆ ಮೂರನೆಯ ಏಟು ಬೀಳದಂತೆ ಕಾಯುತ್ತಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನಾನು ಅದನ್ನು ಕಂಡಿರಲಿಲ್ಲ.

ಬೀಗತಿ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹುಡುಗಿಯ ಬಾಯಿಗೆ ಯಾಕೆ ಕೈ ಹಿಡಿದಿದ್ದೀರಿ ಎಂದು ಅತ್ತೆಯನ್ನೇ ಕೇಳಿದರು. ಅತ್ತೆ ಚಿತ್ರದಲ್ಲಿನ ತಮ್ಮ ಕೈಯನ್ನು ನೋಡಿ ತಲೆ ಎತ್ತಿದರು.

“ನನ್ನ ಮಗಳು ಉಗ್ಗತಾಳ್ರಿ. ಮುಚ್ಚಿಟ್ಟಿದ್ದೆ. ತಪ್ಪ ನಂದು, ಆಕೀದಲ್ಲ.” ಇಷ್ಟು ಹೇಳಿ ಒಳಗಿನ ಬಾಗಿಲಿಗೆ ಮುಖ ಮಾಡಿ ಮಗಳನ್ನು ಕರೆದರು.

ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದ ನಾದಿನಿ ಬಂದು ಕೂತಳು. ಬೀಗತಿ ಅವಳಿಗೆ ಹೆಸರು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ನಮ್ಮ ಮನೆಯ ಬಗ್ಗೆ ನಿನಗೇನಾದರೂ ಕೇಳುವುದಿದ್ದರೆ ಕೇಳವ್ವಾ ಅಂದರು.

ಅವಳು ಶುರು ಮಾಡಿದಳು. ಮೊದಲ ಅಕ್ಷರವೇ ಹೊರಡಲೊಲ್ಲದು. ಕುತ್ತಿಗೆಯ ನರ ಉಬ್ಬಿದವು, ಕಣ್ಣು ಮುಚ್ಚಿದವು. ಅತ್ತೆಯ ತುಟಿ ತಾನಾಗಿಯೇ ಅಲುಗಿತು, ಅವಳ ಮಾತನ್ನು ಮುಗಿಸಿಕೊಡಲು. ಅವರು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಬೀಗತಿ ಮಾತ್ರ ಅಂಥದ್ದೇನೂ ಅವಸರವಿಲ್ಲದವರಂತೆ, ಬಬಲೇಶ್ವರದ ಬಸ್ಸಿಗೆ ಇನ್ನೂ ಹೊತ್ತಿದೆ ಎಂಬಂತೆ ಕೂತಿದ್ದರು.

“ನಾ... ನಾ... ನಾ ಮಾ... ಮಾತ ಮುಗಸೂ ತನಕ,” ಅಂದಳು ನಾದಿನಿ, “ಅ... ಅವರು ಕಾ... ಕಾಯತಾರೇನ್ರಿ?”

ಅತ್ತೆ ಅಳತೊಡಗಿದರು. ಬೀಗತಿ ಖಣವನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟು, ಉಡಿ ತುಂಬಿ ಎಂದು ತಮ್ಮ ಸೆರಗನ್ನು ಒಡ್ಡಿದರು. ಆಮೇಲೆ ನಾದಿನಿಯ ಕಡೆಗೆ ತಿರುಗಿದರು.

“ನಮ್ಮ ಮನ್ಯಾಗ ಮಾತಾಡೂದು ನಾನೊಬ್ಬಾಕೀನ, ಯವ್ವಾ. ನನ್ನ ಮಗ ಹುಟ್ಟಿದಾಗಿಂದ ಕೇಳಕೋಂತನ ಬಂದಾನ. ನೀ ಸಾವಕಾಶ ಮಾತಾಡು. ಅವಂಗೂ ಉಸರ ಬಿಡಾಕ ಹೊತ್ತ ಸಿಗತೈತಿ.”

ನಾದಿನಿ ನಕ್ಕಳು. ಪರರ ಮುಂದೆ ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.